ಹಿಂದಿನ ಸೀಟಿನ ಆಂಟೆನಾ

ನಲವತ್ತೆಂಟನೆಯ ವಯಸ್ಸಿನಲ್ಲಿ, ಅರ್ಧ ತಲೆ ಬೋಳಾಗಿ, ಊರಿನ ಅರ್ಧ ಮುದುಕರಿಗೆ ಹಲ್ಲಿನ ಸೆಟ್ ಮಾಡಿಕೊಟ್ಟು ಹೆಸರು ಗಳಿಸಿದ ಮೇಲೆ, ಮೋಟಾರ್ ಸೈಕಲ್ಲಿಗೆ ಹಿಂದೊಂದು ಮುಂದೊಂದು ಕೆಂಪು ‘ಎಲ್’ ಅಂಟಿಸಿಕೊಂಡು ಓಡಾಡುವ ಗಂಡಸಿನ ಸಂಕಟ ನಿಮಗೆ ಗೊತ್ತೇ? ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಲ್ಲುವ ಕಾಲೇಜು ಹುಡುಗಿಯರು ಒಮ್ಮೆ ‘ಎಲ್’ ನೋಡುತ್ತಾರೆ, ಒಮ್ಮೆ ನನ್ನ ನರೆತ ಮೀಸೆ ನೋಡುತ್ತಾರೆ, ಆಮೇಲೆ "ಹೆದರ್ಬೇಡಿ ಅಂಕಲ್, ನಿಧಾನಕ್ಕೆ ಬರುತ್ತೆ" ಎಂದು ಧೈರ್ಯ ಹೇಳಿ ಹೋಗುತ್ತಾರೆ.

ತಪ್ಪು ನನ್ನದೇ. ಲೈಸೆನ್ಸಿನ ಅವಧಿ ಮುಗಿದು ಎರಡು ವರ್ಷ ನಾಲ್ಕು ತಿಂಗಳಾಗಿದ್ದು ನನಗೆ ತಿಳಿದೇ ಇರಲಿಲ್ಲ. (ನನ್ನ ಪರ್ಸಿನಲ್ಲಿ ಹೆಂಡತಿ ಕೈ ಹಾಕಿದಾಗ ಮಾತ್ರ ಇಂಥ ಸತ್ಯಗಳು ಹೊರಗೆ ಬೀಳುತ್ತವೆ.) ಸಾರಿಗೆ ಕಚೇರಿಯವರು ಇಷ್ಟು ದಿನ ಬಿಟ್ಟು ಬಂದರೆ ನವೀಕರಣ ಇಲ್ಲ, ಮೊದಲಿನಿಂದ ಕಲಿತು ಪರೀಕ್ಷೆ ಕೊಡಿ ಎಂದರು. ಪಾಸಾಗುವವರೆಗೆ ಹಿಂದಿನ ಸೀಟಿನಲ್ಲಿ ಶಿಕ್ಷಕರೊಬ್ಬರು ಕೂತಿದ್ದರೆ ಮಾತ್ರ ನಾನು ಗಾಡಿ ಮುಟ್ಟಬಹುದು.

ಆ ಶಿಕ್ಷಕರು ಯಾರೆಂದರೆ, ನನ್ನ ಧರ್ಮಪತ್ನಿ.

ನನ್ನವಳು ಒಂದು ಡ್ರೈವಿಂಗ್ ಸ್ಕೂಲ್ ನಡೆಸುತ್ತಾಳೆ. ಅದರ ಬಾಗಿಲ ಮೇಲೆ ಒಂದು ಬೋರ್ಡಿದೆ: ‘ಇಲ್ಲಿ ಕಲಿತ ೪೧೨ ಮಂದಿಯೂ ಮೊದಲ ಸಲಕ್ಕೇ ಪಾಸ್.’ ಅಂಕಿಯ ಜಾಗದಲ್ಲಿ ಮಾತ್ರ ಕರಿಹಲಗೆಯ ತುಂಡು. ಯಾರಾದರೂ ಪಾಸಾದ ದಿನ ಇವಳು ಕುರ್ಚಿ ಹತ್ತಿ ಹಳೆಯ ಅಂಕಿ ಒರೆಸಿ ಹೊಸದನ್ನು ಬರೆಯುತ್ತಾಳೆ. ಆ ಹೊತ್ತಿನಲ್ಲಿ ಅವಳ ಮುಖದಲ್ಲಿ ಕಾಣುವ ಕಳೆ ನಮ್ಮ ಮದುವೆಯ ಫೋಟೋದಲ್ಲೂ ಇಲ್ಲ.

"ಊರಿಗೆಲ್ಲ ಲೈಸೆನ್ಸ್ ಕೊಡಿಸೋಳ ಗಂಡ ಲೈಸೆನ್ಸ್ ಇಲ್ದೆ ತಿರುಗ್ತಿದ್ದಾನೆ ಅಂದ್ರೆ ನಾನು ಮುಖ ಎಲ್ಲಿಟ್ಕೊಳ್ಳಲಿ?" ಎಂದು ಅಂದೇ ನನ್ನ ಹೆಸರನ್ನು ತನ್ನ ರಿಜಿಸ್ಟರಿನಲ್ಲಿ ಬರೆದುಕೊಂಡಳು. "ನೀವು ನಾನೂರ ಹದಿಮೂರನೆಯವರು. ನೆನಪಿರ್ಲಿ, ನನ್ನ ಬೋರ್ಡು ನಿಮ್ಮ ಕೈಯಲ್ಲಿದೆ."

"ಇಪ್ಪತ್ತೈದು ವರ್ಷದಿಂದ ಗಾಡಿ ಓಡಿಸ್ತಿದ್ದೀನಿ ಕಣೇ!"

"ಅದೇ ತೊಂದ್ರೆ. ಏನೂ ಬರ್ದೇ ಇರೋರಿಗೆ ಎರಡು ತಿಂಗಳು ಸಾಕು. ನಿಮಗೆ ಮೊದ್ಲು ಬರೋದನ್ನ ಮರೆಸ್ಬೇಕು."

ನಮ್ಮ ಮನೆಯಿಂದ ನಾನು ಕೆಲಸ ಮಾಡುವ ಹಲ್ಲಿನ ಲ್ಯಾಬಿಗೆ ಮೂವತ್ತೈದು ನಿಮಿಷದ ದಾರಿ. ಅವಳ ಸ್ಕೂಲು ಅಲ್ಲಿಂದ ಎರಡೇ ಬೀದಿ ಆಚೆ. ಗೇಟು ದಾಟುವ ಮೊದಲೇ ಪಾಠ ಶುರುವಾಗುತ್ತಿತ್ತು. "ಕನ್ನಡಿ ನೋಡಿ. ನನ್ನ ಮುಖ ಅಲ್ರೀ, ಹಿಂದಿರೋ ಲಾರಿ ನೋಡಿ. ಕ್ಲಚ್ ಬಿಡಿ. ಅಷ್ಟೊಂದಲ್ಲ. ಮುಂದೆ ಹಳ್ಳ ಇದೆ. ಹಳ್ಳ ಇದೆ ಅಂದೆ. ಇಳಿದ್ರಾ? ಸರಿ, ಈಗ ಹತ್ತಿ." ಎಡಕ್ಕೆ ತಿರುಗಬೇಕಾದರೆ ಎಡ ಪಕ್ಕೆಗೆ ತಿವಿತ, ಬಲಕ್ಕಾದರೆ ಬಲ ಪಕ್ಕೆಗೆ. ನೇರ ಹೋಗಬೇಕಾದರೆ ನಡುಬೆನ್ನಿಗೆ ಒಂದು ಗುದ್ದು. ವಾರ ಕಳೆಯುವುದರೊಳಗೆ ನನ್ನ ಎರಡೂ ಪಕ್ಕೆಗಳಲ್ಲಿ ಊರಿನ ನಕ್ಷೆ ಮೂಡಿತ್ತು.

ಹೀಗಿರುವಾಗ ದೇವರು ಕಣ್ಣು ಬಿಟ್ಟ. ನಮ್ಮ ಲ್ಯಾಬಿಗೆ ಹಲ್ಲಿನ ಅಚ್ಚು ಕಳಿಸುವ ಡಾಕ್ಟರು ಹಳೇ ಕಾರು ಮಾರುವ ಮುಂಚೆ ಅದರಲ್ಲಿದ್ದ ಸ್ಯಾಟಲೈಟ್ ರೇಡಿಯೋ ಬಿಚ್ಚಿ, "ನಿಮಗೇನಾದ್ರೂ ಉಪಯೋಗಕ್ಕೆ ಬರುತ್ತಾ ನೋಡಿ, ಚಂದಾ ಕಟ್ಟಿದೆ, ವರ್ಷದ ಕೊನೇವರೆಗೂ ಹಾಡುತ್ತೆ" ಎಂದು ನನ್ನ ಕೈಗಿಟ್ಟರು. ಅಂಗೈಯಗಲದ ಡಬ್ಬಿ, ಒಂದು ಮಾರು ವೈರು, ವೈರಿನ ತುದಿಗೆ ಬೆಂಕಿಪೊಟ್ಟಣದಷ್ಟು ಕಪ್ಪು ಆಂಟೆನಾ. ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದಲ್ಲಿ ತೂಗುತ್ತಿರುವ ಉಪಗ್ರಹವೊಂದು ಕೇವಲ ನನಗೋಸ್ಕರ ನೂರ ನಲವತ್ತು ಚಾನೆಲ್ಲುಗಳನ್ನು ಸುರಿಸುತ್ತದಂತೆ! ಒಂದರಲ್ಲಿ ಬರೀ ಕೊಳಲು, ಇನ್ನೊಂದರಲ್ಲಿ ಬರೀ ಮೀನುಗಾರರ ಹವಾಮಾನ, ಮತ್ತೊಂದರಲ್ಲಿ ನಿದ್ದೆ ಬಾರದವರಿಗಾಗಿ ನೀರು ಹರಿಯುವ ಸದ್ದು. ಇವುಗಳಲ್ಲಿ ಯಾವುದೂ "ಕ್ಲಚ್ ಬಿಡಿ" ಎನ್ನುವುದಿಲ್ಲ ಎಂಬುದು ನನಗೆ ಹಾಲು ಕುಡಿದಷ್ಟು ಸಂತೋಷ ಕೊಟ್ಟಿತು.

ಮನೆಗೆ ತಂದು ಪ್ರಸ್ತಾಪಿಸಿದೆ. ಯುದ್ಧವಾಗುತ್ತದೆ ಎಂದುಕೊಂಡಿದ್ದೆ. ಬದಲಿಗೆ ಒಪ್ಪಂದವಾಯಿತು.

"ಬಲಕಿವಿ ನಿಮ್ಮ ರೇಡಿಯೋಗೆ, ಎಡಕಿವಿ ನನಗೆ. ಎರಡೂ ಕಿವಿ ಮುಚ್ಕೊಂಡು ಗಾಡಿ ಓಡಿಸೋ ಹಾಗಿಲ್ಲ. ಸದ್ದು ಸಣ್ಣಗಿರ್ಬೇಕು. ಚಾನೆಲ್ ಬದಲಾಯಿಸೋದು ಗಾಡಿ ನಿಂತಾಗ ಮಾತ್ರ."

ಎಲ್ಲಕ್ಕೂ ತಲೆಯಾಡಿಸಿದೆ. ನಾನಾದರೂ ಯಾವತ್ತು ಬೇರೆ ದಿಕ್ಕಿಗೆ ಆಡಿಸಿದ್ದೇನೆ?

ಈಗ ಡಬ್ಬಿಯನ್ನು ಹ್ಯಾಂಡಲ್ಲಿಗೆ ಕೂರಿಸಬೇಕಲ್ಲ. ಅಂಗಡಿಯಲ್ಲಿ ಸಿಗುವ ಕ್ಲಾಂಪು ಯಾವುದೂ ಅದಕ್ಕೆ ಹೊಂದಲಿಲ್ಲ. ಆದರೆ ಹೊಂದದ್ದನ್ನು ಹೊಂದಿಸುವುದೇ ನನ್ನ ಕಸುಬು! ವಕ್ರ ಒಸಡಿಗೆಲ್ಲ ಅಲುಗದ ಹಾಗೆ ಸೆಟ್ ಕೂರಿಸಿದವನಿಗೆ ಹ್ಯಾಂಡಲ್ ಯಾವ ಲೆಕ್ಕ? ಬಾಯಿಯ ಅಚ್ಚು ತೆಗೆಯುವ ಪುಡಿಯನ್ನು ನೀರಿನಲ್ಲಿ ಕಲಸಿ ಹ್ಯಾಂಡಲ್ಲಿಗೆ ಮೆತ್ತಿದೆ. ಡಾಕ್ಟರು ಹೇಳುವುದನ್ನು ಕೇಳಿ ಕೇಳಿ ಅಭ್ಯಾಸವಾಗಿ, "ಮೂಗಲ್ಲಿ ಉಸಿರಾಡಿ, ಇನ್ನೊಂದೇ ನಿಮಿಷ" ಎಂದು ಮೋಟಾರ್ ಸೈಕಲ್ಲಿಗೆ ಧೈರ್ಯ ಹೇಳಿದೆ. ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಆಕಾರ ಕೊಟ್ಟು, ಒಸಡಿನ ಬಣ್ಣದ ಗುಲಾಬಿ ಅಕ್ರಿಲಿಕ್ ತುಂಬಿ, ಬೇಯಿಸಿ, ಉಜ್ಜಿ, ಪಾಲಿಷ್ ಮಾಡಿದೆ. ಬ್ಯಾಟರಿಯಿಂದ ಒಂದು ವೈರೆಳೆದೆ. ರೇಡಿಯೋ ಗುಲಾಬಿ ಒಸಡಿನ ನಡುವೆ ದವಡೆ ಹಲ್ಲಿನ ಹಾಗೆ ಗಟ್ಟಿಯಾಗಿ ಕೂತಿತು. ಕಣ್ಣಿಗೆ ನೀರು ಬಂತು.

ನೀರು ಬಂದದ್ದು ನನ್ನೊಬ್ಬನಿಗೇ ಅಲ್ಲ. ನಮ್ಮ ಜೊತೆಯಲ್ಲೇ ಇರುವ ಅತ್ತೆಯವರು ಹೊಸ ಹಲ್ಲಿನ ಸೆಟ್ಟಿಗಾಗಿ ಮೂರು ವಾರದಿಂದ ನೆನೆಸಿದ ಬ್ರೆಡ್ಡು ತಿಂದುಕೊಂಡು ಕಾಯುತ್ತಿದ್ದರು. ಅಂಗಳಕ್ಕೆ ಬಂದು ಹ್ಯಾಂಡಲ್ಲನ್ನು ಬಹಳ ಹೊತ್ತು ದಿಟ್ಟಿಸಿ ನೋಡಿದರು.

"ಅಳಿಯಂದ್ರೇ, ಈ ಗಾಡಿಗೆ ಯಾವಾಗ ಹಲ್ಲು ಬಿದ್ದಿತ್ತು?"

"ಅದು ಹಲ್ಲಲ್ಲ ಅತ್ತೆ, ರೇಡಿಯೋ."

"ಇರ್ಲಿ ಬಿಡಿ. ಪಾಪ, ಅದು ಎಷ್ಟು ದಿನದಿಂದ ಕಾಯ್ತಿತ್ತೋ ಏನೋ" ಎಂದು ಒಳಗೆ ಹೋಗಿ ಬ್ರೆಡ್ಡು ನೆನೆಹಾಕಿದರು. (ಮರುವಾರ ಅವರ ಸೆಟ್ಟೂ ಮಾಡಿಕೊಟ್ಟೆ ಅನ್ನಿ. ಆದರೆ ಸರದಿಯಲ್ಲಿ ತಮಗಿಂತ ಮುಂದೆ ನಿಂತ ಆ ಮೋಟಾರ್ ಸೈಕಲ್ಲನ್ನು ಅವರು ಇವತ್ತಿಗೂ ಮಾತಾಡಿಸುವುದಿಲ್ಲ.)

ಡಬ್ಬಿ ಕೂತಿತು, ಸರಿ. ಆಂಟೆನಾ ಕೂರಿಸುವುದೇ ದೊಡ್ಡ ಫಜೀತಿಯಾಯಿತು. ಅದಕ್ಕೆ ಒಂದೇ ಒಂದು ಹಟ: ತಲೆ ಮೇಲೆ ಬಯಲು ಆಕಾಶ ಬೇಕು. ಅಡ್ಡ ಏನು ಬಂದರೂ ಬಾಯಿಗೆ ಬೀಗ. ಪೆಟ್ರೋಲ್ ಟ್ಯಾಂಕಿನ ಮೇಲಿಟ್ಟೆ. ಅದರ ಅಡಿಯಲ್ಲಿದ್ದ ಅಯಸ್ಕಾಂತ ಚೆನ್ನಾಗಿ ಕಚ್ಚಿಕೊಂಡಿತು, ಆದರೆ ನಾನು ಕೂತ ತಕ್ಷಣ ನನ್ನ ಹೊಟ್ಟೆ ಅದರ ಮೇಲೆ ಮೋಡ ಕವಿದ ಹಾಗೆ ಕವಿದು ಹಾಡು ನಿಂತಿತು. ಹೆಡ್‌ಲೈಟಿನ ಮೇಲಿಟ್ಟೆ, ದೊಡ್ಡ ರಸ್ತೆಯಲ್ಲಿ ಹಾಡಿತು, ತಿರುವಿನಲ್ಲಿ ನನ್ನದೇ ತಲೆ ಅಡ್ಡ ಬಂತು. ಹಿಂದಿನ ಮಡ್‌ಗಾರ್ಡಿನ ಮೇಲಿಟ್ಟರೆ ನನ್ನವಳ ಬೆನ್ನಿನ ಬ್ಯಾಗು. ಕೊನೆಗೆ ನನ್ನ ಹೆಲ್ಮೆಟ್ಟಿನ ನೆತ್ತಿಯ ಮೇಲೆ ಟೇಪು ಸುತ್ತಿ ಕೂರಿಸಿಕೊಂಡೆ.

"ತೆಗೀರಿ ಅದನ್ನ" ಎಂದಳು ಮೇಡಂ. "ಗಾಡಿ ಓಡಿಸೋರ ತಲೆಗೆ ಎರಡೆರಡು ವೈರು ಸುತ್ತಬಾರ್ದು. ಕನ್ನಡಿ ನೋಡೋವಾಗ ಕತ್ತಿಗೆ ಸಿಕ್ಕೊಂಡ್ರೆ ಏನ್ ಗತಿ? ಕೊಡಿ ಇಲ್ಲಿ. ನನ್ನ ತಲೆ ಮೇಲಿಡಿ."

ಇಷ್ಟು ಸಲೀಸಾಗಿ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಬಂದದ್ದು ಉತ್ಸಾಹ. ಅವಳ ಹೆಲ್ಮೆಟ್ಟು ಕಬ್ಬಿಣದ್ದಲ್ಲವಾದ್ದರಿಂದ ಅಯಸ್ಕಾಂತ ಕಚ್ಚಲು ಒಂದು ತಗಡು ಬೇಕಾಯಿತು. ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದು, ಸುತ್ತ ಗುಲಾಬಿ ಅಕ್ರಿಲಿಕ್ ಕಟ್ಟಿ ನೆತ್ತಿಯ ಮೇಲೆ ಕೂರಿಸಿದೆ. ಸಕ್ಕರೆಯನ್ನು ಇರುವೆಗಳಿಗೆ ಬಿಟ್ಟುಕೊಟ್ಟದ್ದು ವಿಜ್ಞಾನಕ್ಕಾಗಿ ನಮ್ಮ ಮನೆ ಮಾಡಿದ ತ್ಯಾಗ. ಸ್ಟೀಲಿನ ಕಿರೀಟ, ಅದಕ್ಕೆ ಗುಲಾಬಿ ಅಂಚು, ನಡುವೆ ಕಪ್ಪು ಹರಳು. ಮಹಾರಾಣಿ ಹಿಂದಿನ ಸೀಟಿನಲ್ಲಿ ವಿರಾಜಮಾನಳಾದಳು. ಉಪಗ್ರಹ ತಕ್ಷಣ ಶರಣಾಯಿತು. ಎಷ್ಟು ಸ್ಪಷ್ಟ ಅಂತೀರಿ! ಕೊಳಲೂದುವವನು ಉಸಿರೆಳೆದುಕೊಳ್ಳುವುದೂ ಕೇಳುತ್ತಿತ್ತು.

ಬೆಳಿಗ್ಗೆ ಒಂಬತ್ತೂವರೆಗೆ, ಸರಿಯಾಗಿ ನಾವು ಹೊರಡುವ ಹೊತ್ತಿಗೆ, ಒಂದು ಧಾರಾವಾಹಿ ನಾಟಕ ಬರುತ್ತಿತ್ತು. ದೀಪಸ್ತಂಭ ಕಾಯುವವನ ಮಗಳೊಬ್ಬಳು. ಹನ್ನೆರಡು ವರ್ಷದ ಹಿಂದೆ ಸಮುದ್ರದಲ್ಲಿ ಕಾಣೆಯಾದ ಅವಳ ಗಂಡ, ಒಬ್ಬ ಕ್ಯಾಪ್ಟನ್. ಈಗ ನಾನೇ ಆ ಕ್ಯಾಪ್ಟನ್ ಎಂದು ಇಬ್ಬರು ಬಂದಿದ್ದಾರೆ. ಇಬ್ಬರಿಗೂ ಗಡ್ಡ, ಒಬ್ಬ ಮಾತ್ರ ಕುಂಟ. ನನಗೆ ಎರಡೇ ದಿನದಲ್ಲಿ ಹುಚ್ಚು ಹತ್ತಿತು. ಲ್ಯಾಬಿನಲ್ಲಿ ಹಲ್ಲು ಜೋಡಿಸುತ್ತಾ ‘ನಿಜವಾದವನು ಕುಂಟನೇ ಇರಬೇಕು’ ಎಂದು ಯೋಚಿಸುತ್ತಾ ಕೂತು, ಒಬ್ಬ ಹೆಡ್‌ಮಾಸ್ಟರಿಗೆ ಎರಡು ಕೋರೆಹಲ್ಲು ಒಂದೇ ಕಡೆ ಕೂರಿಸಿ ವಾಪಸ್ಸು ತೆಗೆದೆ.

ಮೂರನೆಯ ದಿನ ಅನಾಹುತ ನಡೆಯಿತು. ಸೇತುವೆಯ ಮೇಲೆ ಜೋರು ಗಾಳಿ. ಮುಚ್ಚಳ ಹಾರೀತೆಂದು ನನ್ನವಳು ನೆತ್ತಿಯ ಮೇಲೆ ಅಂಗೈ ಒತ್ತಿ ಹಿಡಿದಳು. ರೇಡಿಯೋ ಗಪ್ಪಾಯಿತು.

"ಏ, ನಿಂತೋಯ್ತಲ್ಲ!" ಎಂದೆ.

ಅವಳು ಕೈ ತೆಗೆದಳು. ಕ್ಯಾಪ್ಟನ್ ಮಾತಾಡಿದ. ಕೈ ಇಟ್ಟಳು. ಕ್ಯಾಪ್ಟನ್ ಸತ್ತ. ತೆಗೆದಳು. ಬದುಕಿದ.

"ಓಹೋ" ಎಂದಳು. ಆ ‘ಓಹೋ’ ಎಂಥದೆಂದು ಮದುವೆಯಾದವರಿಗೆ ಬಿಡಿಸಿ ಹೇಳಬೇಕಿಲ್ಲ.

ಅಂದಿನಿಂದ ನನ್ನ ಪಕ್ಕೆಗಳಿಗೆ ರಜೆ ಸಿಕ್ಕಿತು. ತಿವಿಯುವ ಶ್ರಮವೇ ಬೇಡ. ಹೇಳಬೇಕೆನಿಸಿದಾಗ ನೆತ್ತಿಗೆ ಅಂಗೈ. ಹೇಳಿ ಮುಗಿದ ಮೇಲೆ ಕೈ ಕೆಳಗೆ. ಆ ಧಾರಾವಾಹಿಯನ್ನು ಬೇರೆಯವರು ಹೇಗೆ ಕೇಳಿದರೋ ಕಾಣೆ, ನಾನು ಕೇಳಿದ್ದು ಹೀಗೆ:

"ಹನ್ನೆರಡು ವರ್ಷ ಕಾದೆ! ನೀವೇ ನನ್ನ ಕ್ಯಾಪ್ಟನ್ ಆದರೆ, ಈಗಲೇ ನನ್ನನ್ನು ಎತ್ತಿಕೊಂಡು..."

"ಎರಡನೇ ಗೇರಿಗೆ ಹಾಕಿ."

"...ಬಿರುಗಾಳಿ! ಹಾಯಿ ಹರಿಯಿತು! ದೇವರೇ, ಈ ಘೋರ ಕತ್ತಲಲ್ಲಿ ನಮಗೆ ದಾರಿ ತೋರಿಸುವ ಆ ಬೆಳಕು..."

"ಇಂಡಿಕೇಟರ್ ಆಫ್ ಮಾಡ್ರೀ, ಆಗ್ಲಿಂದ ಮಿಟುಕ್ತಾ ಇದೆ."

"...ಹಾಗಾದರೆ ನನ್ನ ಎದೆಯ ಮೇಲಿನ ಮಚ್ಚೆ ಯಾವ ಕಡೆ ಇದೆ, ಹೇಳಿ!"

"ಎಡಕ್ಕೆ, ಎಡಕ್ಕೆ! ಬಸ್ಸಿಗೆ ದಾರಿ ಬಿಡಿ."

ಶಿಕ್ಷಕಿಯಾಗಿ ನನ್ನವಳು ಸಾಮಾನ್ಯಳಲ್ಲ ಎಂದು ನಾನು ಆಗ ಒಪ್ಪಿಕೊಂಡೆ. ಹತ್ತೇ ದಿನ. ರೇಡಿಯೋ ನಿಂತಿತೆಂದರೆ ಅವಳು ಬಾಯಿ ತೆರೆಯುವ ಮೊದಲೇ ನನ್ನ ಕಾಲು ಬ್ರೇಕಿನ ಮೇಲೆ, ಹೆಬ್ಬೆರಳು ಎಡ ಇಂಡಿಕೇಟರಿನ ಮೇಲೆ, ಎಡಕಿವಿ ಹಿಂದಕ್ಕೆ ವಾಲಿ ಸಿದ್ಧ. ಅಪ್ಪಣೆಯಾಗುತ್ತಿತ್ತು, ಪಾಲಿಸುತ್ತಿದ್ದೆ, ಕ್ಯಾಪ್ಟನ್ ಮರಳಿ ಬರುತ್ತಿದ್ದ. ಗಾಡಿ ಎಷ್ಟು ನೀಟಾಗಿ ಓಡುತ್ತಿತ್ತೆಂದರೆ ನನಗೇ ನನ್ನ ಬಗ್ಗೆ ಗೌರವ ಹುಟ್ಟಿತು. "ಪರವಾಗಿಲ್ಲ ರೀ, ಪಾಸಾಗ್ತೀರಿ" ಎಂದು ಮೇಡಂ ಬಾಯಿಂದಲೇ ಬಂತು. ಪಾಸಾದರೆ ‘ಎಲ್’ ಕಿತ್ತೆಸೆಯಬಹುದು, ಒಬ್ಬನೇ ಹೋಗಬಹುದು, ಮೂವತ್ತೈದು ನಿಮಿಷ ಪೂರ್ತಿ ನನ್ನದು! ಪರೀಕ್ಷೆಯ ಹಿಂದಿನ ದಿನ ಅವಳು ಹೊಸ ಸೀಮೆಸುಣ್ಣ ಕೊಂಡು ಬ್ಯಾಗಿನಲ್ಲಿಟ್ಟುಕೊಂಡಳು. ಅದನ್ನು ನೋಡಿ ನನಗೂ ಒಂಥರಾ ಆಯಿತು. ಪಾಪ, ಆ ಬೋರ್ಡಿಗಾಗಿ ಎಷ್ಟು ಜೀವ ತೇದಿದ್ದಾಳೆ, ಅದು ನನ್ನಿಂದ ಕೆಡಬಾರದು ಎಂದು ಮನಸಾರೆ ಅಂದುಕೊಂಡೆ.

ಪರೀಕ್ಷೆ ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ. ಧಾರಾವಾಹಿಯ ಕಟ್ಟಕಡೆಯ ಕಂತೂ ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ.

ನೀವು ಬುದ್ಧಿವಂತರು, ಈಗಾಗಲೇ ತಲೆಯ ಮೇಲೆ ಕೈ ಇಟ್ಟುಕೊಂಡಿರುತ್ತೀರಿ. ಆದರೆ ನನ್ನ ಕಡೆಯಿಂದಲೂ ಸ್ವಲ್ಪ ಯೋಚಿಸಿ. ಪರೀಕ್ಷೆಯಲ್ಲಿ ಅಭ್ಯರ್ಥಿ ಒಬ್ಬನೇ ಗಾಡಿ ಓಡಿಸಬೇಕು. ಕಲಿಸಿದವರು ದೂರದ ಬೆಂಚಿನ ಮೇಲೆ ತುಟಿಪಿಟಕ್ಕೆನ್ನದೆ ಕೂರಬೇಕು. ಅಂದರೆ ಮೊದಲ ಬಾರಿಗೆ ನೆತ್ತಿಯ ಮೇಲೆ ಅಂಗೈ ಇಡುವವರು ಯಾರೂ ಇಲ್ಲದ ಕಂತು! ಮೇಡಂ ನನ್ನ ಕಾಗದಪತ್ರ ಹಿಡಿದು ಕಿಟಕಿಯ ಸಾಲಿನಲ್ಲಿ ನಿಂತಿದ್ದಾಗ, ಅವಳ ಹೆಲ್ಮೆಟ್ಟು ಸೀಟಿನ ಮೇಲೆ ಅನಾಥವಾಗಿ ಕೂತಿತ್ತು. ನನ್ನದನ್ನು ಬಿಚ್ಚಿಟ್ಟೆ. ಅವಳದನ್ನು ತುರುಕಿಕೊಂಡೆ. ಬಿಗಿಯಾಗಿ ಎರಡೂ ಕೆನ್ನೆ ಮೂಗಿನ ಹತ್ತಿರ ಬಂದು ಸೇರಿದವು. ಬಲಕಿವಿಗೆ ಇಯರ್‌ಫೋನ್ ಸಿಕ್ಕಿಸಿದೆ. ಸಮುದ್ರದ ಅಲೆಗಳ ಸದ್ದು ಶುರುವಾಯಿತು.

ಸಿಮೆಂಟಿನ ಅಂಗಳದಲ್ಲಿ ಬಿಳಿ ಬಣ್ಣದಲ್ಲಿ ದೊಡ್ಡದಾಗಿ ಇಂಗ್ಲಿಷಿನ ಎಂಟು ಬರೆದಿತ್ತು. ಕಾಲು ನೆಲಕ್ಕೆ ತಾಗಿಸದೆ ಅದರ ಮೇಲೆ ಮೂರು ಸುತ್ತು ಹಾಕಬೇಕು. ಎಂಟರ ಒಂದು ಸೊನ್ನೆ ಬಿಸಿಲಿನಲ್ಲಿತ್ತು. ಇನ್ನೊಂದು, ಗಮನಿಸಿ, ಒಂದು ಭಾರೀ ಮರದ ಕೆಳಗಿತ್ತು.

"ಹೊರಡಿ" ಎಂದರು ಪರೀಕ್ಷಾಧಿಕಾರಿ. ಹೊರಟೆ. ಬಿಸಿಲಿನ ಸೊನ್ನೆಯನ್ನು ಕಂಪಾಸಿನಲ್ಲಿ ಬರೆದ ಹಾಗೆ ಸುತ್ತಿದೆ. ಕಿವಿಯಲ್ಲಿ ದೀಪಸ್ತಂಭದವಳು ಗದ್ಗದ ಕಂಠದಲ್ಲಿ, "ನಿಜವಾದ ಕ್ಯಾಪ್ಟನ್ ಯಾರೆಂದು ನನಗೆ ಗೊತ್ತಾಯಿತು. ಅವನು ಮತ್ತಾರೂ ಅಲ್ಲ..." ಎಂದಳು. ಗಾಡಿ ಮರದ ನೆರಳಿಗೆ ಹೊಕ್ಕಿತು. ರೇಡಿಯೋ ಗಪ್ಪಾಯಿತು.

ಮುಂದಿನದನ್ನು ನಾನು ಮಾಡಲಿಲ್ಲ, ನನ್ನ ಕೈಕಾಲು ಮಾಡಿದವು. ಬ್ರೇಕು. ಎಡ ಇಂಡಿಕೇಟರು. ಕಾಲು ನೆಲಕ್ಕೆ. ಎಡಕಿವಿ ಹಿಂದಕ್ಕೆ. ಕಾದೆ. ಅಪ್ಪಣೆ ಬರಲಿಲ್ಲ. ಇನ್ನೂ ಕಾದೆ. ಮರದಲ್ಲಿ ಒಂದು ಹಕ್ಕಿ ಏನೋ ಅಂದಿತು. ಗೇರಿನ ವಿಷಯ ಇರಲಿಕ್ಕಿಲ್ಲ ಎನಿಸಿತು.

"ಏನ್ರೀ, ಗಾಡಿ ಕೆಟ್ಟಿದ್ಯಾ?" ಎಂದರು ಅಧಿಕಾರಿ.

"ಇಲ್ಲ ಸಾರ್."

"ಮತ್ಯಾಕೆ ನಿಲ್ಲಿಸಿದ್ರಿ?"

"ಹೇಳ್ತಾರೇನೋ ಅಂತ ಕಾಯ್ತಿದ್ದೀನಿ ಸಾರ್."

"ಯಾರು ಹೇಳ್ತಾರೆ?"

ಹಿಂದೆ ತಿರುಗಿ ನೋಡಿದೆ. ಸೀಟು ಖಾಲಿ. ಅಧಿಕಾರಿ ಒಳ್ಳೆಯವರು, ಗಾಬರಿಯಲ್ಲಿ ಹೀಗಾಗುತ್ತದೆ, ಇನ್ನೊಮ್ಮೆ ಹಾಕಿ ಎಂದರು. ಎರಡನೆಯ ಸುತ್ತು. ಬಿಸಿಲು: ಅಲೆಗಳು, ಅಳು, ಗಡ್ಡದ ಇಬ್ಬರ ಕುಸ್ತಿ. ನೆರಳು: ಮೌನ, ಬ್ರೇಕು, ಇಂಡಿಕೇಟರು, ಕಾಲು, ಕಿವಿ. ಮೂರನೆಯ ಸುತ್ತಿನಲ್ಲಿ ‘ಈ ಸಲ ನಿಲ್ಲುವುದಿಲ್ಲ, ಹೆಂಡತಿಯ ಬೋರ್ಡಿನಾಣೆ’ ಎಂದು ಹಲ್ಲು ಕಚ್ಚಿ ನೆರಳಿಗೆ ನುಗ್ಗಿದೆ. ಅರ್ಧ ಸೊನ್ನೆ ದಾಟಿಯೂಬಿಟ್ಟೆ! ಆದರೆ ಆ ಹೊತ್ತಿಗೆ ಬೆಂಚಿನ ಕಡೆ ಕಣ್ಣು ಹೋಯಿತು. ನನ್ನವಳು ತನ್ನ ಕಿರೀಟ ನನ್ನ ತಲೆಯ ಮೇಲಿರುವುದನ್ನು ಆಗಷ್ಟೇ ಕಂಡಿದ್ದಳು. ಕಂಡವಳೇ ಹತಾಶೆಯಿಂದ ಎರಡೂ ಅಂಗೈಗಳನ್ನು ನೆತ್ತಿಯ ಮೇಲೆ ಇಟ್ಟುಕೊಂಡಳು.

ಅಂಗೈ ನೆತ್ತಿಗೆ ಹೋಯಿತೆಂದರೆ ಅಪ್ಪಣೆ. ಅದೂ ಎರಡು ಅಂಗೈ! ಎರಡೂ ಬ್ರೇಕು ಒಟ್ಟಿಗೆ ಒತ್ತಿ, ಎರಡೂ ಕಾಲು ನೆಲಕ್ಕೆ ಊರಿ, ಮರದ ಬುಡದಲ್ಲಿ ಕಂಬದ ಹಾಗೆ ನಿಂತೆ.

ಅಧಿಕಾರಿ ನನ್ನ ಹತ್ತಿರ ಬಂದು ಹೆಲ್ಮೆಟ್ಟಿನ ಮುಚ್ಚಳ, ಹ್ಯಾಂಡಲ್ಲಿನ ಒಸಡು, ಕಿವಿಯ ವೈರು ಎಲ್ಲವನ್ನೂ ನಿಧಾನವಾಗಿ ಪರಿಶೀಲಿಸಿದರು. ನಾನು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಅವರು ಕಣ್ಣು ಮಿಟುಕಿಸದೆ ಕೇಳಿ, ಬೆಂಚಿನ ಕಡೆ ತಿರುಗಿ, "ಮೇಡಂ, ನೀವೊಂದ್ಸಲ ಇವರ ಹಿಂದೆ ಕೂತ್ಕೊಳ್ಳಿ. ನನಗೂ ನೋಡೋ ಆಸೆ" ಎಂದರು.

ಮಹಾರಾಣಿ ತನ್ನ ಕಿರೀಟವನ್ನು ನನ್ನ ತಲೆಯಿಂದ ಕಿತ್ತುಕೊಂಡು (ಕಿವಿಯೂ ಜೊತೆಗೆ ಹೋಯಿತೆಂದೇ ತಿಳಿದಿದ್ದೆ) ಹಿಂದೆ ಕೂತಳು. ಎಡಕಿವಿಗೆ ಅವಳ ಅಪ್ಪಣೆ ಬೀಳುತ್ತಲೇ ಇತ್ತು, ಮೂರು ಸುತ್ತು ಹಾಕಿದೆವು. ಬಿಸಿಲಲ್ಲಿ, ನೆರಳಲ್ಲಿ, ಎಲ್ಲೂ ಚಕ್ರ ಬಿಳಿ ಗೆರೆ ಬಿಟ್ಟು ಒಂದು ಅಂಗುಲ ಆಚೀಚೆ ಹೋಗಲಿಲ್ಲ. ಸಾಲಿನಲ್ಲಿ ನಿಂತಿದ್ದ ಉಳಿದ ಅಭ್ಯರ್ಥಿಗಳು ಚಪ್ಪಾಳೆ ತಟ್ಟಿದರು.

"ಭೇಷ್!" ಎಂದರು ಅಧಿಕಾರಿ. "ಹದಿನೆಂಟು ವರ್ಷದ ಸರ್ವೀಸಲ್ಲಿ ಇಷ್ಟು ಚೊಕ್ಕವಾಗಿ ಎಂಟು ಹಾಕಿದ್ದನ್ನ ನೋಡಿಲ್ಲ. ತುಂಬ ಚೆನ್ನಾಗಿ ಓಡಿಸ್ತೀರಿ ಮೇಡಂ."

"ಥ್ಯಾಂಕ್ಸ್ ಸಾರ್" ಎಂದಳು.

"ಹ್ಯಾಂಡಲ್ ಹಿಡಿದಿದ್ದು ನಾನು ಸಾರ್" ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಧಿಕಾರಿ ರಿಜಿಸ್ಟರು ತೆರೆದು ಪೆನ್ನು ತೆಗೆದರು. ನನ್ನವಳು ಅಡ್ಡ ಬಂದಳು. "ಸಾರ್, ಪಾಸ್ ಅಂತ ಬರೀರಿ ಅಂತ ನಾನು ಕೇಳಲ್ಲ. ಬರೆದ್ರೂ ನಾನು ಒಪ್ಪಲ್ಲ, ಇವರನ್ನ ಒಬ್ಬರನ್ನೇ ರಸ್ತೆಗೆ ಬಿಡೋದಾ? ಆದ್ರೆ ಫೇಲ್ ಅಂತ ಬರೆದ್ರೆ ನನ್ನ ಬೋರ್ಡು ಇವತ್ತೇ ಇಳಿಸ್ಬೇಕು ಸಾರ್. ನಾನೂರ ಹನ್ನೆರಡು ಜನ!" ಎಂದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಧಿಕಾರಿ ಪೆನ್ನಿನ ತುದಿ ಕಚ್ಚುತ್ತಾ ಬಹಳ ಯೋಚಿಸಿದರು.

"ಮೊದಲ್ನೇ ಸಲ ಇವರು ಓಡಿಸ್ಲಿಲ್ಲ, ನಿಂತಿದ್ರು. ಅಲ್ವಾ?"

"ಹೌದು ಸಾರ್."

"ಎರಡ್ನೇ ಸಲ ಓಡಿಸಿದ್ದು ನೀವು."

"ಹೌದು ಸಾರ್."

"ಹಾಗಾದ್ರೆ ಪರೀಕ್ಷೆಗೆ ಅಭ್ಯರ್ಥಿ ಬಂದೇ ಇಲ್ವಲ್ಲ!" ಎಂದವರೇ ನನ್ನ ಹೆಸರಿನ ಮುಂದೆ ದುಂಡಗಿನ ಅಕ್ಷರದಲ್ಲಿ ‘ಗೈರುಹಾಜರು’ ಎಂದು ಬರೆದರು. "ಮೂರು ತಿಂಗಳು ಬಿಟ್ಟು ಬರ್ಲಿ."

ನನ್ನವಳು ಕೈ ಮುಗಿದಳು. ಅವಳ ಮುಖದಲ್ಲಿ ಕಳೆ ಮರಳಿತು.

"ಸಾರ್, ನಾನು ಇಲ್ಲೇ ಇದ್ದೀನಲ್ಲ ಸಾರ್!" ಎಂದೆ.

"ರೀ, ನೀವು ಸುಮ್ನಿರಿ" ಎಂದು ಗದರಿದಳು. "ನೀವು ಬಂದೇ ಇಲ್ಲ."

ಅಧಿಕಾರಿ ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿ, ಗೈರುಹಾಜರಾದವರು ಇಲ್ಲಿ ಸಹಿ ಮಾಡಬೇಕು ಎಂದು ಒಂದು ಸಣ್ಣ ಚೌಕ ತೋರಿಸಿದರು. ನಾನು ಪೆನ್ನು ಹಿಡಿದು ಸುಮ್ಮನೆ ನಿಂತೆ. ಹಿಂದಿನಿಂದ ದನಿ ಕೇಳಿಸಿತು: "ಗೆರೆ ಮುಟ್ಬೇಡಿ. ನಿಧಾನ. ಹಾಂ, ಈಗ ಮೇಲಕ್ಕೆ ಹತ್ತಿಸಿ, ಎಡಕ್ಕೆ ತಿರುಗಿಸಿ, ಸಾಕು, ನಿಲ್ಲಿಸಿ."

ಸಹಿ ಬಹಳ ಚೊಕ್ಕವಾಗಿ ಬಂತು.